ಸಹಿಗೆ ಮುಂಚಿನ ಗಳಿಗೆ

ಸರನ್‌ರೋಮ್ ಅರಮನೆಯ ಮೆಟ್ಟಿಲು ಹತ್ತುವಷ್ಟರಲ್ಲೇ ನಿಮ್ಮ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. 1962ರ ಜುಲೈ ಮೊದಲ ವಾರ. ಬ್ಯಾಂಕಾಕ್‌ನಲ್ಲಿ ಮಳೆ ಹೊಯ್ದು ನಿಂತಿದೆ, ಸೆಕೆ ಮಾತ್ರ ಇಳಿದಿಲ್ಲ. ಹತ್ತಿರದಲ್ಲೇ ರಾಜರ ದೊಡ್ಡ ಅರಮನೆಯ ಬಿಳಿ ಗೋಡೆ, ಅದರ ಮೇಲೆ ಹೊಳೆಯುವ ಶಿಖರಗಳು. ಈ ಕಡೆ ಥಾಯ್ಲೆಂಡಿನ ವಿದೇಶಾಂಗ ಸಚಿವಾಲಯ. ನಿಮ್ಮನ್ನು ಇಲ್ಲಿಯ ಕಿರಿಯ ಗುಮಾಸ್ತನನ್ನಾಗಿ ಮಾಡಿ ಒಳಗೆ ಕಳಿಸುತ್ತಿದ್ದೇನೆ. ಕಂಕುಳಲ್ಲಿ ಕಡತ ಇರಲಿ. ಬಾಯಿ ಬಿಡಬೇಡಿ. ನೋಡುತ್ತಿರಿ, ಕೇಳುತ್ತಿರಿ.

ಒಳಗೆ ಟೈಪ್‌ರೈಟರ್ ರಿಬ್ಬನ್ನಿನ ಎಣ್ಣೆವಾಸನೆ, ತೇವ ಹಿಡಿದ ಹಳೆಯ ಕಾಗದದ ಮುಗ್ಗಲು. ತಲೆಯ ಮೇಲೆ ಫ್ಯಾನು ತಿರುಗುತ್ತಿದೆ. ಹಾಳೆಗಳು ಹಾರದಂತೆ ಒಂದೊಂದರ ಮೇಲೂ ಭಾರ ಇಟ್ಟಿದ್ದಾರೆ. ಮೇಜಿನ ಹಿಂದೆ ಕೂತವರು ಥನತ್ ಖೋಮನ್. ವಯಸ್ಸು 48. ಪ್ಯಾರಿಸ್‌ನಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದವರು. ಟೋಕಿಯೋದಲ್ಲಿ ಕಾರ್ಯದರ್ಶಿಯಾಗಿ, ಕೊನೆಗೆ ವಾಷಿಂಗ್ಟನ್‌ನಲ್ಲಿ ರಾಯಭಾರಿಯಾಗಿ ದುಡಿದವರು. 1959ರ ಫೆಬ್ರುವರಿಯಿಂದ ವಿದೇಶಾಂಗ ಸಚಿವರು. ರಾಯಭಾರಿಯಾಗಿದ್ದಾಗ ಬ್ಯಾಂಕಾಕ್ ಹೇಳಿದ್ದನ್ನು ಮುಟ್ಟಿಸಿದರೆ ಸಾಕಿತ್ತು. ಈಗ ಬ್ಯಾಂಕಾಕ್ ಏನು ಹೇಳಬೇಕು ಎಂಬುದೇ ಅವರ ತಲೆಯ ಮೇಲೆ ಬಂದು ಕೂತಿದೆ.

ಮೇಜಿನ ಮೇಲೆ ಹೇಗ್ ನಗರದಿಂದ ಬಂದ ತೀರ್ಪಿದೆ. ಡಾಂಗ್ರೆಕ್ ಬೆಟ್ಟಸಾಲಿನ ತುದಿಯಲ್ಲಿ ಖಮೇರರು ಕಟ್ಟಿದ ಪ್ರೀಹ್ ವಿಹಾರ್ ಶಿವದೇಗುಲ ಕಾಂಬೋಡಿಯಾಕ್ಕೆ ಸೇರಿದ್ದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಜೂನ್ 15ರಂದು ಹೇಳಿಬಿಟ್ಟಿದೆ. ಮೂವರು ನ್ಯಾಯಾಧೀಶರು ಥಾಯ್ಲೆಂಡಿನ ಕಡೆ, ಒಂಬತ್ತು ಮಂದಿ ವಿರುದ್ಧ. ಕಾರಣ ಓದಿ. ಶತಮಾನದ ಆರಂಭದಲ್ಲಿ, ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು ಗಡಿಯ ನಕ್ಷೆ ಬರೆದು ದೇಗುಲವನ್ನು ತಮ್ಮ ಕಡೆ ತೋರಿಸಿದ್ದರು. ಆ ನಕ್ಷೆ ಸಯಾಮಿನ, ಅಂದರೆ ಆಗಿನ ಥಾಯ್ಲೆಂಡಿನ, ಕೈಗೆ ಬಂತು. ಯಾರೂ ತಕರಾರು ತೆಗೆಯಲಿಲ್ಲ. ತಕರಾರಿರಲಿ, ಪ್ರಾಂತ್ಯದ ಅಧಿಕಾರಿಗಳಿಗೆ ಹಂಚಲು ಇನ್ನೂ 15 ಪ್ರತಿ ಬೇಕೆಂದು ಕೇಳಿ ತರಿಸಿಕೊಂಡರು. ಐವತ್ತು ವರ್ಷ ಸುಮ್ಮನಿದ್ದುದು ಒಪ್ಪಿಗೆ ಎಂದಾಯಿತು.

ಆ ಸಾಲನ್ನು ವಕೀಲನ ಕಣ್ಣಿಂದ ಓದುವವನ ಹೊಟ್ಟೆಯಲ್ಲಿ ಏನಾಗುತ್ತದೆ, ಯೋಚಿಸಿ. ಸೋತದ್ದು ಯುದ್ಧದಲ್ಲಲ್ಲ. ಎಂದೋ ಒಬ್ಬ ಅಧಿಕಾರಿ ಬರೆಯದೆ ಬಿಟ್ಟ ಒಂದು ಕಾಗದದಿಂದ.

ಊರು ಕುದಿಯುತ್ತಿದೆ. ತೀರ್ಪಿನ ವಿರುದ್ಧ ಜನ ಬೀದಿಗಿಳಿದಿದ್ದಾರೆ. ಪ್ರಧಾನಿ, ಫೀಲ್ಡ್ ಮಾರ್ಷಲ್ ಸರಿತ್ ತನರತ್ ರೇಡಿಯೋದಲ್ಲಿ ನಾಡಿಗೆ ಮಾತಾಡಿ, ನೋವಾದರೂ ತೀರ್ಪು ಪಾಲಿಸುತ್ತೇವೆ ಎಂದಿದ್ದಾರೆ. ಇನ್ನು ಅದನ್ನು ವಿಶ್ವಸಂಸ್ಥೆಗೆ ಬರೆದು ತಿಳಿಸಬೇಕಾದವರು ನಿಮ್ಮ ಎದುರು ಕೂತಿದ್ದಾರೆ. ಪಾಲಿಸುವುದಿಲ್ಲ ಎಂದು ಬರೆದರೆ ಸಣ್ಣ ದೇಶವೊಂದು ತಾನು ನಂಬಿದ ಕಾನೂನನ್ನು ತಾನೇ ಒದ್ದಂತೆ. ಬರಿದೆ ಪಾಲಿಸುತ್ತೇವೆ ಎಂದು ಬರೆದರೆ ಮತ್ತದೇ ಮೌನ. ಮೂರನೆಯ ದಾರಿ ಕಿರಿದು. ಥನತ್ ಅದನ್ನೇ ಹಿಡಿಯುತ್ತಾರೆ: ತೀರ್ಪನ್ನು ಒಪ್ಪುವುದಿಲ್ಲ, ಆದರೂ ವಿಶ್ವಸಂಸ್ಥೆಯ ಸದಸ್ಯರಾಗಿ ಪಾಲಿಸುತ್ತೇವೆ, ಮುಂದೆಂದಾದರೂ ನಮಗೆ ಇರಬಹುದಾದ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತೇವೆ. ಪತ್ರದ ತಾರೀಖು ಜುಲೈ 6.

ಆ ಕೊನೆಯ ಮಾತು ಜಾಣ ವಕೀಲನದು. ಅದು ಬೂದಿ ಮುಚ್ಚಿದ ಕೆಂಡವಾಗಿಯೂ ಉಳಿಯಿತು ಎಂದು ನಾನು ಹೇಳಲೇಬೇಕು. ಅದೇ ದೇಗುಲದ ಸುತ್ತ 2011ರಲ್ಲಿ ಫಿರಂಗಿಗಳು ಮೊಳಗಿದವು, 2025ರಲ್ಲಿ ಎರಡೂ ದೇಶಗಳ ಗಡಿಯಲ್ಲಿ ಮತ್ತೆ ಹೆಣ ಬಿದ್ದವು. ಆದರೆ ಆ ಕೋಣೆಯಲ್ಲಿ, ಆ ಮಧ್ಯಾಹ್ನ, ಹೊರಗಿನ ಕೂಗಿನ ನಡುವೆ, ಅದಕ್ಕಿಂತ ಮೆದುವಾದ ಮಾತು ಬರೆದು ಉಳಿಯುವುದು ಅವರಿಗೆ ಸಾಧ್ಯವಿತ್ತೆಂದು ನನಗನ್ನಿಸುವುದಿಲ್ಲ.

ಕಾಗದಕ್ಕೆ ಈ ಮನುಷ್ಯ ಇಷ್ಟು ಹೆದರುವುದೇಕೆ? ಹದಿನೇಳು ವರ್ಷ ಹಿಂದಕ್ಕೆ ಬನ್ನಿ.

1945ರ ಫೆಬ್ರುವರಿ, ಶ್ರೀಲಂಕೆಯ ಕ್ಯಾಂಡಿ. ಬೆಟ್ಟದ ಗಾಳಿ ತಣ್ಣಗಿದೆ. ಪೆರಾದೇನಿಯ ಸಸ್ಯೋದ್ಯಾನದ ಮರಗಳ ನಡುವೆ ಮಿತ್ರಪಕ್ಷದ ದಂಡನಾಯಕ ಮೌಂಟ್‌ಬ್ಯಾಟನ್ನರ ಯುದ್ಧಕಚೇರಿ. ಹಸಿಮಣ್ಣು, ಪೆಟ್ರೋಲು, ಸಿಗರೇಟಿನ ವಾಸನೆ ಒಟ್ಟಿಗೆ. ಜಪಾನಿ ಸೈನಿಕರು ತುಂಬಿರುವ ಬ್ಯಾಂಕಾಕ್‌ನಿಂದ ಗುಟ್ಟಾಗಿ ತಪ್ಪಿಸಿಕೊಂಡು ಬಂದ ಸಣ್ಣ ನಿಯೋಗದಲ್ಲಿ 30 ವರ್ಷದ ಥನತ್ ಇದ್ದಾರೆ. ಸೆರಿ ಥಾಯ್ ಎಂಬ ಭೂಗತ ಚಳವಳಿಯ ಪರವಾಗಿ ಬಂದವರು. ಹಿಡಿದಿದ್ದರೆ ಜಪಾನಿನವರು ಜೀವಸಹಿತ ಬಿಡುತ್ತಿರಲಿಲ್ಲ. ಎದೆಯ ಆ ಬಡಿತ ಇನ್ನೂ ಇಳಿದಿಲ್ಲ. ಅಷ್ಟರಲ್ಲಿ ಎದುರು ಕೂತ ಬ್ರಿಟಿಷರ ಮುಖ ನೋಡಿ. ಅವರ ಪಾಲಿಗೆ ಇವರು ಶತ್ರುದೇಶದವರು. 1942ರ ಜನವರಿ 25ರಂದು ಥಾಯ್ ಸರ್ಕಾರ ಬ್ರಿಟನ್ ಮೇಲೂ ಅಮೆರಿಕದ ಮೇಲೂ ಯುದ್ಧ ಸಾರಿತ್ತು. ವಾಷಿಂಗ್ಟನ್‌ನಲ್ಲಿದ್ದ ಥಾಯ್ ಪ್ರತಿನಿಧಿ ಸೇನಿ ಪ್ರಮೋಜ್ ಆ ಘೋಷಣೆಯನ್ನು ಅಮೆರಿಕಕ್ಕೆ ಸಲ್ಲಿಸಲು ಒಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಗೆಳೆಯನಂತೆ ನಡೆದುಕೊಂಡಿತು. ಬ್ರಿಟನ್ನು ಘೋಷಣೆಯನ್ನು ಒಪ್ಪಿ ಲೆಕ್ಕಕ್ಕೆ ಹಿಡಿದುಕೊಂಡಿತ್ತು. 1946ರ ಜನವರಿ ಒಂದರ ಒಪ್ಪಂದದಲ್ಲಿ 15 ಲಕ್ಷ ಟನ್ ಅಕ್ಕಿಯನ್ನು ಪುಕ್ಕಟೆ ಕೊಡಬೇಕೆಂದು ಬರೆಸಿಕೊಂಡಿತು.

ಅದೇ ಸೇನಿ ಪ್ರಮೋಜ್ ಹೇಗ್‌ನಲ್ಲಿ ದೇಗುಲದ ಮೊಕದ್ದಮೆಯಲ್ಲಿ ಥಾಯ್ಲೆಂಡಿನ ಪರ ವಾದಿಸಿದವರು. ವಾಷಿಂಗ್ಟನ್‌ನಲ್ಲಿ ಒಂದು ಕಾಗದ ಕೊಡದೆ ಉಳಿದದ್ದು ದೇಶವನ್ನು ಕಾಯಿತು. ಗಡಿಯಲ್ಲಿ ಒಂದು ಕಾಗದ ಬರೆಯದೆ ಉಳಿದದ್ದು ದೇಗುಲವನ್ನು ಕಳೆಯಿತು. ಇವೆರಡನ್ನೂ ಮೈಮೇಲೆ ಅನುಭವಿಸಿದ ಥನತ್ ಪ್ರತಿ ಸಾಲನ್ನೂ ಎರಡು ಸಲ ಓದಿದರೆ ಆಶ್ಚರ್ಯವಿಲ್ಲ.

ಇನ್ನೊಂದು ಕಾಗದವೂ ನಿಮ್ಮ ಕಡತದಲ್ಲಿದೆ, ತೆಗೆದು ನೋಡಿ. ಅದೇ 1962ರ ಮಾರ್ಚ್ 6, ವಾಷಿಂಗ್ಟನ್. ಪಕ್ಕದ ಲಾವೋಸ್ ಕುಸಿಯುತ್ತಿದೆ. ರಕ್ಷಣೆಗೆಂದು ಕಟ್ಟಿಕೊಂಡ ಸೀಟೋ ಒಕ್ಕೂಟದ ಕಚೇರಿ ಬ್ಯಾಂಕಾಕ್‌ನಲ್ಲೇ ಇದೆ, ಆದರೆ ಎಲ್ಲರೂ ಒಪ್ಪದೆ ಅದು ಕೈ ಎತ್ತುವಂತಿಲ್ಲ. ಫ್ರಾನ್ಸಿಗೂ ಬ್ರಿಟನ್ನಿಗೂ ಮನಸ್ಸಿಲ್ಲ. ಥನತ್ ಅಮೆರಿಕದ ವಿದೇಶಾಂಗ ಮಂತ್ರಿ ಡೀನ್ ರಸ್ಕ್ ಜೊತೆ ಕೂತು, ಉಳಿದವರು ಒಪ್ಪಲಿ ಬಿಡಲಿ, ಅಮೆರಿಕ ತಾನೊಂದೇ ಆದರೂ ಥಾಯ್ಲೆಂಡಿನ ನೆರವಿಗೆ ಬರುವ ಹೊಣೆ ಹೊತ್ತಿದೆ ಎಂದು ಜಂಟಿ ಹೇಳಿಕೆ ಹೊರಡಿಸುತ್ತಾರೆ. ಆ ಸಂಜೆ ಅವರಿಗೆ ಎಷ್ಟು ಹಗುರವೆನಿಸಿರಬೇಕು! ಮೇ ತಿಂಗಳಲ್ಲಿ ಅಮೆರಿಕದ ನೌಕಾ ಸೈನಿಕರು ಥಾಯ್ ನೆಲದಲ್ಲಿ ಇಳಿಯುತ್ತಾರೆ. ಆದರೆ ಅದು ಅಮೆರಿಕದ ಸೆನೆಟ್ ಒಪ್ಪಿದ ಒಪ್ಪಂದವಲ್ಲ, ಇಬ್ಬರು ಮಂತ್ರಿಗಳ ಮಾತು. ಮಂತ್ರಿ ಹೋದರೆ ಮಾತೂ ಹೋದೀತು. ದೂರದ ಬಲಶಾಲಿಯ ಮಾತು, ದೂರದ ನ್ಯಾಯಾಲಯದ ತೀರ್ಪು ಎರಡನ್ನೂ ಒಂದೇ ವರ್ಷದಲ್ಲಿ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಅವರ ಕಣ್ಣು ನೆರೆಮನೆಗಳ ಕಡೆ ಗಟ್ಟಿಯಾಗಿ ತಿರುಗಿತು ಎಂಬುದು ನನ್ನ ನಂಬಿಕೆ. 1961ರಲ್ಲೇ ಮಲಯ, ಫಿಲಿಪ್ಪೀನ್ಸ್ ಜೊತೆ ಸೇರಿ ಒಂದು ಪುಟ್ಟ ಸಂಘ ಕಟ್ಟಿದ್ದರು. ಸಬಾ ಪ್ರಾಂತ್ಯ ಯಾರದೆಂದು ಆ ಇಬ್ಬರೂ ಕಾದಾಡಿ ಅದು ಮೂಲೆ ಸೇರಿತ್ತು.

ಈಗ 1966, ಮೇ ಕೊನೆ, ಜೂನ್ ಮೊದಲು. ಬ್ಯಾಂಕಾಕ್. ಎದುರಾಳಿಗಳು ಒಂದೇ ಊರಿಗೆ ಬಂದಿಳಿದಿದ್ದಾರೆ. ಇಂಡೊನೇಷ್ಯಾದ ಆದಂ ಮಲಿಕ್, ಮಲೇಷ್ಯಾದ ತುನ್ ಅಬ್ದುಲ್ ರಜಾಕ್. ಮೂರು ವರ್ಷ ಬೋರ್ನಿಯೋ ಕಾಡುಗಳಲ್ಲಿ ಎರಡೂ ಕಡೆಯ ಹುಡುಗರು ಸತ್ತಿದ್ದಾರೆ. ಸಿಂಗಪುರದ ಮ್ಯಾಕ್‌ಡೊನಾಲ್ಡ್ ಹೌಸ್‌ನಲ್ಲಿ ಇಂಡೊನೇಷ್ಯಾದ ಸೈನಿಕರು ಇಟ್ಟ ಬಾಂಬಿಗೆ ಮೂವರು ಬಲಿಯಾಗಿ ಒಂದೂಕಾಲು ವರ್ಷವಾಗಿದೆ ಅಷ್ಟೆ. ನಡುವೆ ಕೂತು ಮಾತು ಸೇರಿಸುವ ಕೆಲಸ ಥನತ್ ಅವರದು.

ರಾಜಿಯ ಸಂತೋಷಕೂಟ. ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಮಜ್ಜಿಗೆಹುಲ್ಲು, ಮೀನಿನ ಸಾರು, ಸುಟ್ಟ ಮೆಣಸಿನ ಘಾಟು ಮೂಗಿಗೆ ಬಡಿಯುತ್ತಿದೆ. ಲೋಟಗಳು ತಾಗುತ್ತಿವೆ, ನಗು ಏಳುತ್ತಿದೆ. ಇಂಥ ನಗುವಿನ ಒಳಗೆ ಎಷ್ಟು ಹೆದರಿಕೆ ಇರುತ್ತದೆಂದು ಬಡಿಸುವವರಿಗೂ ಗೊತ್ತು. ಥನತ್ ಮಲಿಕ್ ಕಡೆ ಬಾಗುತ್ತಾರೆ. ಜಗಳ ನಿಂತದ್ದೇನೋ ಸರಿ. ನಾವೆಲ್ಲ ಸೇರಿ ಒಂದು ಹೊಸ ಸಂಸ್ಥೆ ಕಟ್ಟಬಾರದೇಕೆ? ಇಂಡೊನೇಷ್ಯಾ ಈ ಭಾಗದ ದೊಡ್ಡಣ್ಣ. ಅದು ಒಲ್ಲೆ ಎಂದರೆ ಮಾತು ಅಲ್ಲೇ ಸತ್ತಿತು. ಮತ್ತೊಮ್ಮೆ ಎತ್ತಲು ಇನ್ನೆಷ್ಟು ವರ್ಷ ಬೇಕೋ. ನಿಮ್ಮ ಉಸಿರು ಕಟ್ಟುತ್ತದೆ. ಒಂದು ಕ್ಷಣ. ಮಲಿಕ್ ಹಿಂದುಮುಂದು ನೋಡುವುದೇ ಇಲ್ಲ, ಆಗಲಿ ಎನ್ನುತ್ತಾರೆ. ನಮ್ಮ ಸರ್ಕಾರದ ಜೊತೆ ಮಾತಾಡಲು, ಮಲೇಷ್ಯಾದೊಡನೆ ಸಂಬಂಧ ಸರಿಪಡಿಸಿಕೊಳ್ಳಲು ಸ್ವಲ್ಪ ಸಮಯ ಬೇಕು ಎನ್ನುತ್ತಾರೆ. ಅಷ್ಟು ಸಾಕು. ಸರನ್‌ರೋಮ್‌ನ ಟೈಪ್‌ರೈಟರುಗಳಿಗೆ ಕೆಲಸ ಬರುತ್ತದೆ.

ಕರಡಿನ ಪ್ರತಿಗಳ ಜೊತೆ ನಿಮ್ಮನ್ನು 1967ರ ಆಗಸ್ಟ್ ಮೊದಲ ವಾರ ಬಾಂಗ್‌ಸೇನ್‌ಗೆ ಕಳಿಸಲಾಗಿದೆ. ಬ್ಯಾಂಕಾಕ್‌ನ ಆಗ್ನೇಯಕ್ಕೆ, ನೂರು ಕಿಲೋಮೀಟರೊಳಗಿನ ಕಡಲೂರು. ದಾರಿಯಲ್ಲಿ ನೊಂಗ್‌ಮೊನ್ ಸಂತೆಯವರು ಬಿದಿರಿನ ಕೊಳವೆಯಲ್ಲಿ ತುಂಬಿ ಕೆಂಡದಲ್ಲಿ ಬೇಯಿಸಿದ ಅಂಟಕ್ಕಿಯ ತಿಂಡಿ ಮಾರುತ್ತಾರೆ. ಕಾಯಿಹಾಲು ಸೀದ ಸಿಹಿವಾಸನೆ ಕಾರಿನೊಳಗೇ ಬರುತ್ತದೆ. ತೀರದಲ್ಲಿ ತೆಂಗು, ಉಪ್ಪುಗಾಳಿ, ಒಣಗಲು ಹಾಕಿದ ಮೀನು. ಐದು ದೇಶಗಳ ಮಂತ್ರಿಗಳು ಕೋಟು ಟೈ ಕಳಚಿಟ್ಟು ಅರ್ಧತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದಾರೆ. ನಾಲ್ಕು ದಿನ ಇಲ್ಲೇ. ಗಾಲ್ಫ್ ಆಡುತ್ತಾರೆ, ಒಬ್ಬರ ಹೊಡೆತ ಕಂಡು ಮತ್ತೊಬ್ಬರು ಕಿಚಾಯಿಸುತ್ತಾರೆ, ಬಂದು ಮೇಜಿನ ಸುತ್ತ ಕೂತೊಡನೆ ಬೆವರುತ್ತಾರೆ.

ಒಬ್ಬೊಬ್ಬರನ್ನೂ ನೋಡಿ. ಫಿಲಿಪ್ಪೀನ್ಸ್‌ನ ನಾರ್ಸಿಸೊ ರಾಮೋಸ್, ಹಿಂದೆ ಪತ್ರಕರ್ತ, 66 ವರ್ಷ. ಮಗ ಫಿಡೆಲ್ ಫಿಲಿಪ್ಪೀನ್ಸ್ ತುಕಡಿಯ ಜೊತೆ ವಿಯೆಟ್ನಾಂನಲ್ಲಿದ್ದಾನೆ. ತುನ್ ರಜಾಕ್, ಮಲಿಕ್ ಅವರನ್ನು ನೀವು ಬಲ್ಲಿರಿ. ಹೋದ ವರ್ಷದವರೆಗೆ ಅವರಿಬ್ಬರ ದೇಶಗಳು ಬಂದೂಕು ಹಿಡಿದಿದ್ದವು. ಸಿಂಗಪುರದ ರಾಜರತ್ನಂ ಶ್ರೀಲಂಕೆಯ ಜಾಫ್ನಾದ ತಮಿಳು ಮನೆತನದವರು. ಅವರ ದೇಶಕ್ಕೆ ಇನ್ನೂ ಎರಡು ವರ್ಷ ತುಂಬಿಲ್ಲ. ಮಲೇಷ್ಯಾದಿಂದ ಬೇರೆಯಾಗಿ ನಿಂತಿದೆ, ಮೊನ್ನೆ ಜುಲೈನಲ್ಲಷ್ಟೇ ಬ್ರಿಟನ್ನು ತನ್ನ ಪಡೆಗಳನ್ನು ಅಲ್ಲಿಂದ ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಹೇಳಿದೆ. ಮೊದಲ ಯೋಜನೆಯಲ್ಲಿ ಸಿಂಗಪುರ ಇರಲೇ ಇಲ್ಲ. ರಾಜರತ್ನಂ ಬಂದು ಥನತ್ ಅವರನ್ನು ಕಂಡು ಸೇರಿಸಿಕೊಳ್ಳಿ ಎಂದು ಕೇಳಿದರು. ಥನತ್ ಸೇರಿಸಿಕೊಂಡರು. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಈ ಸಣ್ಣ ಸಂಗತಿ. ತಾನೂ ಒಮ್ಮೆ ಕ್ಯಾಂಡಿಯಲ್ಲಿ ಕೇಳುವವನ ಜಾಗದಲ್ಲಿ ಕೂತವನಿಗೆ, ಬಾಗಿಲಲ್ಲಿ ನಿಂತವನ ಸಂಕಟ ತಿಳಿಯದೆ ಇದ್ದೀತೆ?

ಹಿಂದಿನ ಕೋಣೆಯಲ್ಲಿ ನಿಮ್ಮ ಬೆರಳುಗಳು ಕಾರ್ಬನ್ನಿನಿಂದ ನೀಲಿಯಾಗಿವೆ. ಕಡಲಗಾಳಿಗೆ ಹಾಳೆಗಳು ಮೆತ್ತಗಾಗಿ, ಒಂದು ಪದ ಅಳಿಸಿದರೆ ಕಾಗದವೇ ಕಿತ್ತು ಬರುತ್ತದೆ. ಹಿರಿಯ ಟೈಪಿಸ್ಟ್ ಅಕ್ಕ ತಲೆ ಎತ್ತದೆ ಹೇಳುತ್ತಾಳೆ: "ತಮ್ಮಾ, ಪೀಠಿಕೆಯ ಹಾಳೆ ಎಸೀಬೇಡ. ಅದು ಇನ್ನೊಂದು ಸಲ ಬರುತ್ತೆ ನೋಡು."

ಅವಳು ಹೇಳಿದ್ದು ಸರಿ. ಇಡೀ ಕರಡು ಉದ್ದವೇನಿಲ್ಲ, ಐದೇ ವಿಧಿ. ಆರ್ಥಿಕ ಬೆಳವಣಿಗೆ, ವ್ಯಾಪಾರ, ಸಂಸ್ಕೃತಿ. ಸೈನ್ಯದ ಮಾತೇ ಇಲ್ಲ. ಆದರೆ ಪೀಠಿಕೆಯ ಒಂದು ವಾಕ್ಯದಲ್ಲಿ ಗಂಟಲು ಕಟ್ಟಿದೆ. ವಿದೇಶಿ ಸೇನಾನೆಲೆಗಳೆಲ್ಲ ತಾತ್ಕಾಲಿಕ. ಆಯಾ ದೇಶದ ಒಪ್ಪಿಗೆ ಇರುವವರೆಗೆ ಮಾತ್ರ. ಇಂಡೊನೇಷ್ಯಾಕ್ಕೆ ಇದು ಬೇಕೇ ಬೇಕು; ಇದಿಲ್ಲದೆ ಜಕಾರ್ತಾದಲ್ಲಿ ಮಲಿಕ್ ಮುಖ ತೋರಿಸುವಂತಿಲ್ಲ. ಫಿಲಿಪ್ಪೀನ್ಸ್‌ಗೆ ಇದು ಕಹಿ. ಕ್ಲಾರ್ಕ್, ಸುಬಿಕ್ ನೆಲೆಗಳಲ್ಲಿ ಅಮೆರಿಕ ಬೇರೂರಿದೆ.

ಥಾಯ್ಲೆಂಡಿಗೆ? ಈ ಕಡಲತೀರದ ಪಕ್ಕದ ಹೆದ್ದಾರಿಯಲ್ಲೇ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಉತಪಾವೊ. ಈ ಏಪ್ರಿಲ್‌ನಿಂದ ಅಲ್ಲಿಯ ಓಡುಹಾದಿಯಿಂದ ಬಿ-52 ಬಾಂಬರುಗಳು ಏಳುತ್ತಿವೆ. ಉದೋನ್, ಉಬೋನ್, ಕೊರಾತ್, ತಾಖ್ಲಿ ಎಲ್ಲ ಕಡೆ ಅಮೆರಿಕದ ವಿಮಾನಗಳು. ಆ ಬಾಗಿಲು ತೆರೆದ ಸರ್ಕಾರದ ಮಂತ್ರಿ ಥನತ್ ಅವರೇ. ಈಗ ಅದೇ ಕೈ ಆ ಬಾಗಿಲು ಎಂದೆಂದಿಗೂ ತೆರೆದಿರುವುದಲ್ಲ ಎಂಬ ವಾಕ್ಯಕ್ಕೆ ಸಹಿ ಹಾಕಬೇಕು. ವಾಷಿಂಗ್ಟನ್ ಏನೆಂದುಕೊಂಡೀತು? ಬ್ಯಾಂಕಾಕ್‌ನ ಜನರಲ್‌ಗಳು ಏನೆಂದಾರು? ವಾಕ್ಯ ತೆಗೆದರೆ ಮಲಿಕ್ ಎದ್ದು ಹೋಗುತ್ತಾರೆ. ಇಟ್ಟರೆ ರಾಮೋಸ್ ಒಪ್ಪಬೇಕು. ಹಾಳೆ ಒಳಗೆ ಹೋಗುತ್ತದೆ. ಹೊರಗೆ ಬರುತ್ತದೆ. ಒಂದು ಪದ ಹೋಯಿತು, ಇನ್ನೊಂದು ಬಂತು. ಮತ್ತೆ ಒಳಗೆ. ಬಾಗಿಲ ಸಂದಿಯಿಂದ ದನಿಗಳು ಏರುತ್ತವೆ, ಇಳಿಯುತ್ತವೆ. ಯಾರೋ ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದರೇ? ಹೊರಟರೇ? ಇಲ್ಲ. ಗಾಲ್ಫ್‌ಗೆ ಹೊತ್ತಾಯಿತಂತೆ. ಅಕ್ಕ ಉಸಿರು ಬಿಡುತ್ತಾಳೆ, ಹೊಸ ಕಾರ್ಬನ್ ಇಡುತ್ತಾಳೆ.

ವಾಕ್ಯ ಉಳಿಯಿತು. ಅದು ಬಾಗಿಲು ಮುಚ್ಚುವ ಮಾತಲ್ಲ. ಚಿಲಕ ಯಾರ ಕೈಯಲ್ಲಿದೆ ಎಂದು ಹೇಳುವ ಮಾತು. ಈ ಸಲ ಸಣ್ಣ ದೇಶ ಸುಮ್ಮನೆ ಕೂರಲಿಲ್ಲ, ಬರೆದಿಟ್ಟಿತು. ಅದಕ್ಕೇ ಅದರ ಬೆಲೆ ನನಗೆ ದೊಡ್ಡದಾಗಿ ಕಾಣುತ್ತದೆ.

ಆಗಸ್ಟ್ 8. ಮತ್ತೆ ಸರನ್‌ರೋಮ್, ಮತ್ತೆ ಕೋಟು ಟೈ, ಕ್ಯಾಮೆರಾ ಬಲ್ಬುಗಳ ಸುಟ್ಟ ವಾಸನೆ. ಐವರೂ ಸಾಲಾಗಿ ಕೂತು ಸಹಿ ಮಾಡುತ್ತಾರೆ. ಮಲಿಕ್ ಸೂಚಿಸಿದ ಹೆಸರೇ ಸಂಸ್ಥೆಗೆ ಬರುತ್ತದೆ: ಆಸಿಯಾನ್. ಮರುದಿನ ಸಿಂಗಪುರ ತನ್ನ ಎರಡನೆಯ ಹುಟ್ಟುಹಬ್ಬ ಆಚರಿಸುತ್ತದೆ. ವಿಯೆಟ್ನಾಂ ಕಡೆ ಹೋಗುವ ವಿಮಾನಗಳು ಅಂದೂ ಹಾರುತ್ತವೆ.

ನಾಲ್ಕು ವರ್ಷ ದಾಟೋಣ. 1971, ನವೆಂಬರ್ 17ರ ಸಂಜೆ. ಗಾಳಿ ಈಗ ಒಣಗಿದೆ, ಮಳೆಗಾಲ ಮುಗಿದಿದೆ. ಅಮೆರಿಕ ವಿಯೆಟ್ನಾಂನಿಂದ ಹಿಂದೆ ಸರಿಯುತ್ತಿದೆ. ಥನತ್ ಎರಡು ವರ್ಷದಿಂದ ಹೇಳುತ್ತ ಬಂದಿದ್ದಾರೆ: ಬೀಜಿಂಗ್ ಜೊತೆ ಮಾತು ಶುರು ಮಾಡಬೇಕು, ಒಂದೇ ಕಂಬಕ್ಕೆ ಒರಗಿ ನಿಂತರೆ ಆಗದು. ಸೈನ್ಯದವರಿಗೆ ಈ ಮಾತು ಸಹಿಸಲಾಗುತ್ತಿಲ್ಲ. ಅಕ್ಟೋಬರ್ 25ರಂದು ವಿಶ್ವಸಂಸ್ಥೆ ಚೀನಾದ ಕುರ್ಚಿಯನ್ನು ಬೀಜಿಂಗ್‌ಗೆ ಕೊಟ್ಟಾಗ ಥಾಯ್ಲೆಂಡ್ ಯಾರ ಕಡೆಗೂ ಮತ ಹಾಕದೆ ಉಳಿಯಿತು.

ರೇಡಿಯೋ ಗರಗರ ಎನ್ನುತ್ತದೆ. ಸೈನಿಕ ಸಂಗೀತ. ಬಳಿಕ ಪ್ರಕಟಣೆ. ಪ್ರಧಾನಿ ಥನೋಮ್ ಕಿಟ್ಟಿಕಚೋರ್ ತಮ್ಮದೇ ಸರ್ಕಾರವನ್ನು ತಾವೇ ಬೀಳಿಸಿದ್ದಾರೆ. ಸಂಸತ್ತು ಇಲ್ಲ. ಮೂರೇ ವರ್ಷದ ಸಂವಿಧಾನ ಇಲ್ಲ. ಮಂತ್ರಿಮಂಡಲ ಇಲ್ಲ. ಹನ್ನೆರಡೂಮುಕ್ಕಾಲು ವರ್ಷದ ಸಚಿವರು ಒಂದು ಪ್ರಕಟಣೆಯ ನಡುವೆ ಮಾಜಿಯಾದರು. ನಿಮ್ಮ ಬಾಯಿ ಒಣಗಿದೆ. ಕಪಾಟಿನ ಕಡತಗಳಿಗೆ ಬೀಗ ಹಾಕಬೇಕೇ, ತೆರೆದಿಡಬೇಕೇ? ಕೇಳುವುದಾದರೂ ಯಾರನ್ನು?

ಕೌಲಾಲಂಪುರದಲ್ಲಿ ಆಸಿಯಾನ್ ಮಂತ್ರಿಗಳ ಸಭೆ ಹತ್ತೇ ದಿನದಲ್ಲಿದೆ. ಹೊಸ ಆಡಳಿತಕ್ಕೆ ವಿದೇಶಾಂಗ ಮಂತ್ರಿಯೇ ಇಲ್ಲ. ಕೊನೆಗೆ ಯಾರನ್ನು ಹೊರಗಿಟ್ಟರೋ ಅವರನ್ನೇ, ಕ್ರಾಂತಿಯ ಹೆಸರಲ್ಲಿ ಅಧಿಕಾರ ಹಿಡಿದ ರಾಷ್ಟ್ರೀಯ ಕಾರ್ಯಕಾರಿ ಮಂಡಳಿ ವಿಶೇಷ ದೂತನಾಗಿ ಕಳಿಸುತ್ತದೆ. ಹೋಗಬೇಕೇ? ತನ್ನ ಸಂವಿಧಾನವನ್ನು ಹರಿದವರ ಪ್ರತಿನಿಧಿಯಾಗಿ ಕೂರುವುದು ಅವಮಾನ. ಹೋಗದಿದ್ದರೆ ಐದು ಕುರ್ಚಿಗಳಲ್ಲಿ ಒಂದು ಬರಿದಾಗುತ್ತದೆ, ಅದೂ ತಾನೇ ಹಾಕಿದ ಕುರ್ಚಿ. ಥನತ್ ಹೋಗುತ್ತಾರೆ. ಆಗ ಅವರ ಬಗ್ಗೆ ಬೇರೆ ಮಾತಾಡಿದವರೂ ಇದ್ದಿರಬಹುದು. ಅವರು ಹೋದದ್ದು ಸರಿಯೆಂದೇ ನಾನು ಹೇಳುತ್ತೇನೆ.

ನವೆಂಬರ್ 27. ಆಗ್ನೇಯ ಏಷ್ಯಾ ಶಾಂತಿ, ಸ್ವಾತಂತ್ರ್ಯ, ತಾಟಸ್ಥ್ಯದ ವಲಯವಾಗಬೇಕು, ಹೊರಗಿನ ಶಕ್ತಿಗಳ ಯಾವ ಬಗೆಯ ಹಸ್ತಕ್ಷೇಪವೂ ಕೂಡದು ಎಂಬ ಘೋಷಣೆ ಮೇಜಿನ ಮೇಲಿದೆ. ರಜಾಕ್ ಈಗ ಮಲೇಷ್ಯಾದ ಪ್ರಧಾನಿ. ಮಲಿಕ್ ಇದ್ದಾರೆ, ರಾಜರತ್ನಂ ಇದ್ದಾರೆ. ರಾಮೋಸ್ ಜಾಗದಲ್ಲಿ ಕಾರ್ಲೋಸ್ ರೊಮುಲೊ. ಉಳಿದವರ ಹೆಸರಿನೊಡನೆ ಪದವಿ ಇದೆ. ಥಾಯ್ಲೆಂಡಿನ ಸಾಲಿನಲ್ಲಿ ಇರುವುದು ವಿಶೇಷ ದೂತ ಎಂದಷ್ಟೇ. ಥನತ್ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಓದಿ ಸಹಿ ಹಾಕುತ್ತಾರೆ.

ಥನತ್ ಬೇಕೆಂದಿದ್ದ ಬೀಜಿಂಗ್ ಮಾತುಕತೆ ಬೇರೆಯವರ ಕೈಯಲ್ಲಿ ಕೈಗೂಡಿತು. 1975ರ ಜುಲೈ ಒಂದರಂದು ಬೀಜಿಂಗ್‌ನಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಥಾಯ್ ಪ್ರಧಾನಿ ಸೇನಿಯವರ ತಮ್ಮ ಕುಕ್ರಿತ್ ಪ್ರಮೋಜ್. ಮರುವರ್ಷ ಅಮೆರಿಕದ ಯುದ್ಧಪಡೆಗಳು ಉತಪಾವೊ ಬಿಟ್ಟು ಹೋದವು. ಥನತ್ ಆಗ ಸಚಿವರಲ್ಲ. ಮತ್ತೆ ಸರ್ಕಾರಕ್ಕೆ ಬಂದದ್ದು 1980ರಲ್ಲಿ, ಪ್ರೇಮ್ ತಿನ್ಸುಲಾನೊಂಡ ಅವರ ಉಪಪ್ರಧಾನಿಯಾಗಿ, ಡೆಮಾಕ್ರಟ್ ಪಕ್ಷದ ನಾಯಕನಾಗಿ, ಜನರ ಮತ ಕೇಳಿ ಬಂದ ರಾಜಕಾರಣಿಗಳ ಸಾಲಿನಲ್ಲಿ.